ಪದ್ಮಿನಿಯ ಹೊಟ್ಟೆ ಕೆಳಗಿನ ಬಣ್ಣ

ಸಂಪಾದಕರಿಗೆ ನಮಸ್ಕಾರ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಹಳೇ ಕಾರುಗಳನ್ನ ಹೊಸದು ಮಾಡೋರ ಬಗ್ಗೆ ಬಂದ ಲೇಖನ ಎರಡು ಸಲ ಓದಿದೆ, ಆಮೇಲೆ ಅದರ ಫೋಟೋನ ಕಿಟಕಿ ಬೆಳಕಿಗೆ ಹಿಡ್ಕೊಂಡು ಇನ್ನೂ ಸುಮಾರು ಹೊತ್ತು ನೋಡ್ತಾ ಕೂತೆ. ಪ್ರೀಮಿಯರ್ ಪದ್ಮಿನಿ ಒಂದನ್ನ ಲಿಫ್ಟಿಗೆ ಏರಿಸಿ ಕೆಳಗಡೆಯಿಂದ ತೆಗೆದ ಫೋಟೋ ಅದು. ಮುಂದಿನ ಸಸ್ಪೆನ್ಶನ್, ಅಂದ್ರೆ ಚಕ್ರವನ್ನ ಗಾಡಿಗೆ ಹಿಡಿದು ರಸ್ತೆಯ ಕುಲುಕಾಟ ತಾಳೋ ಸೆಟ್ಟು, ಅದರ ಆರ್ಮುಗಳಿಗೆ ಕೆಂಪು ಪೌಡರ್ ಕೋಟಿಂಗು (ಪುಡಿ ಬಣ್ಣ ಸಿಂಪಡಿಸಿ ಕಾಯಿಸಿ ಕೂರಿಸೋದು), ಕಾಯಿಲ್ ಸ್ಪ್ರಿಂಗಿಗೆ ಕ್ರೋಮು, ನಟ್ಟು ಬೋಲ್ಟೆಲ್ಲ ಸ್ಟೇನ್‌ಲೆಸ್ ಸ್ಟೀಲು, ಅದರ ಕೆಳಗೆ 'ಫ್ಯಾಕ್ಟರಿಯಿಂದ ಹೊರಬಂದ ದಿನದಂತೆಯೇ' ಅಂತ ಒಂದು ಸಾಲು. ಆ ಒಂದು ಸಾಲಿಗೋಸ್ಕರ ಈ ಪತ್ರ ಬರೀತಿದೀನಿ. ಗಾಡಿ ಮಾಡಿದವರ ಶ್ರಮದ ಬಗ್ಗೆ ನಂಗೆ ಗೌರವ ಇದೆ, ಇವತ್ತಿನ ಕಾಲದಲ್ಲಿ ಪದ್ಮಿನಿಯನ್ನ ಗುಜರಿಗೆ ಹಾಕದೆ ಉಳಿಸಿಕೊಂಡಿರೋದೇ ದೊಡ್ಡದು. ಆದ್ರೆ ಆ ಗಾಡಿ ಫ್ಯಾಕ್ಟರಿಯಿಂದ ಹಾಗೆ ಹೊರಗೆ ಬಂದಿರಲಿಲ್ಲ. ಇದನ್ನ ಇಷ್ಟು ಧೈರ್ಯವಾಗಿ ಹೇಳೋಕೆ ಕಾರಣ, ಆ ಗಾಡಿಗಳ ಮುಂದಿನ ಸಸ್ಪೆನ್ಶನ್ ಜೋಡಿಸ್ತಿದ್ದ ಕೈಗಳಲ್ಲಿ ನಮ್ಮ ಅಪ್ಪನ ಕೈಯೂ ಇತ್ತು.

ಅಪ್ಪ ಕುಂದಾಪುರ ಕಡೆಯವರು. ಹದಿನಾರನೇ ವಯಸ್ಸಿಗೆ ಮುಂಬಯಿಗೆ ಬಂದು ಹಗಲು ಹೋಟೆಲಲ್ಲಿ ಕೆಲಸ, ರಾತ್ರಿ ಕನ್ನಡ ರಾತ್ರಿ ಶಾಲೆ, ಆ ಕಾಲದಲ್ಲಿ ನಮ್ಮ ಊರಿಂದ ಬಂದ ಎಷ್ಟೋ ಹುಡುಗರ ಕಥೆ ಇದೇ. ಆಮೇಲೆ ಐಟಿಐ ಮಾಡ್ಕೊಂಡು ಕುರ್ಲಾದ ಪ್ರೀಮಿಯರ್ ಆಟೋಮೊಬೈಲ್ಸ್ ಸೇರಿದ್ರು. 1944ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಕಟ್ಟಿದ ಕಂಪನಿ ಅದು. 1964ರಿಂದ ಅಲ್ಲಿ ಫಿಯಟ್ 1100ಡಿ ತಯಾರಾಗ್ತಿತ್ತು, 1089 ಸಿಸಿ ಇಂಜಿನ್ನಿನ ಅದೇ ಗಾಡಿಗೆ 1974ರಲ್ಲಿ ಪದ್ಮಿನಿ ಅಂತ ಹೆಸರು ಬಂತು. ಮುಂದೆ ಎರಡೂ ಕಡೆ ಮೇಲೊಂದು ಕೆಳಗೊಂದು ಆರ್ಮು, ಕಾಯಿಲ್ ಸ್ಪ್ರಿಂಗು, ಶಾಕ್ ಅಬ್ಸಾರ್ಬರು, ಎರಡೂ ಕಡೆಯನ್ನ ಸೇರಿಸೋ ಆ್ಯಂಟಿ ರೋಲ್ ಬಾರು, ಹಿಂದೆ ಕಮಾನು ಪಟ್ಟಿ. ಈ ಮುಂದಿನ ಸೆಟ್ಟು ಜೋಡಿಸಿ ಬಿಗಿ ಮಾಡೋದು ಅಪ್ಪನ ಕೆಲಸ. ಬಿಗಿ ಮಾಡಿ ಟಾರ್ಕ್, ಅಂದ್ರೆ ಎಷ್ಟು ಬಿಗಿಯಾಗಿದೆ ಅಂತ, ನೋಡಿದ ಮೇಲೆ ನಟ್ಟಿನ ಮೇಲೆ ಬ್ರಶ್ಶಿಂದ ಒಂದು ಹಳದಿ ಚುಕ್ಕೆ ಇಡ್ಬೇಕಿತ್ತು. ಚುಕ್ಕೆ ಇಲ್ಲದ ಗಾಡಿ ಮುಂದೆ ಹೋಗೋ ಹಾಗಿಲ್ಲ. ಮನೆಗೆ ಬಂದಾಗ ಅಪ್ಪನ ಬಲಗೈ ಹೆಬ್ಬೆರಳಿನ ಉಗುರಿನ ಸಂದೀಲಿ ಆ ಹಳದಿ ಇರ್ತಿತ್ತು, ಅಮ್ಮ ಸೀಮೆಎಣ್ಣೆ ಹಚ್ಚಿ ಉಜ್ಜಿದ್ರೂ ಪೂರ್ತಿ ಹೋಗ್ತಿರಲಿಲ್ಲ, ಊಟದ ತಟ್ಟೆ ಎದುರಿಗೆ ಆ ಉಗುರು ನೋಡ್ತಾ ನಾನು ಬೆಳೆದದ್ದು.

ನಮ್ಮ ಗಾಡಿ 1978ರದ್ದು. ಅಪ್ಪ ಅದನ್ನ 1993ರಲ್ಲಿ ಮಾಟುಂಗಾದ ಒಬ್ಬ ಡಾಕ್ಟರ ಕೈಯಿಂದ ತಗೊಂಡ್ರು, ಅಷ್ಟು ವರ್ಷ ಸಾವಿರಾರು ಗಾಡಿ ಜೋಡಿಸಿದ ಮನುಷ್ಯನಿಗೆ ಸ್ವಂತಕ್ಕೆ ಒಂದು ಗಾಡಿ ಬಂದದ್ದು ಆಗಲೇ. ಅವರು ತೀರಿಕೊಂಡ ಮೇಲೆ ಮೂರು ವರ್ಷ ಚೆಂಬೂರಿನ ನಮ್ಮ ಸೊಸೈಟಿ ಕಾಂಪೌಂಡಲ್ಲಿ ಟಾರ್ಪಾಲಿನ್ ಕೆಳಗೆ ನಿಂತಿತ್ತು. 2019ರಲ್ಲಿ ನಾನು ಕೈ ಹಾಕಿದೆ. ಬಾಡಿ, ಇಂಜಿನ್ನಿಗೆ ಜನ ಸಿಕ್ಕಿದ್ರು. ಸಸ್ಪೆನ್ಶನ್ ಮಾತ್ರ ನಾನೇ ಮಾಡ್ತೀನಿ ಅಂತ ಹಟ ಹಿಡಿದೆ, ಕಾರಣ ಬೇರೆ ಹೇಳ್ಬೇಕಾಗಿಲ್ಲ.

ಇಲ್ಲಿಂದ ಮುಂದೆ ಬರೆಯೋದು ಸ್ವಲ್ಪ ಉದ್ದ ಆಗತ್ತೆ, ಜಾಗ ಇದ್ರೆ ದಯವಿಟ್ಟು ಪೂರ್ತಿ ಹಾಕಿ, ಯಾಕಂದ್ರೆ ಈ ಕೆಲಸದಲ್ಲಿ ಹೊಸಬರು ಮಾಡೋ ತಪ್ಪೆಲ್ಲ ಮೊದಲನೇ ವಾರದಲ್ಲೇ ಆಗಿಬಿಡತ್ತೆ.

ಹಳೇ ಗಾಡಿ ಕೆಳಗಿರೋ ಗ್ರೀಸು, ಮಣ್ಣು, ಟಾರು ಸೇರಿ ಗಟ್ಟಿಯಾದ ಪದರ ನೋಡಿದ ತಕ್ಷಣ ಎಲ್ರೂ ಪ್ರೆಶರ್ ವಾಶರ್ ಹಿಡೀತಾರೆ, ಇಲ್ಲಾಂದ್ರೆ ಗ್ರೈಂಡರಿಗೆ ತಂತಿ ಬ್ರಶ್ ಹಾಕಿ ಉಜ್ಜೋಕೆ ಶುರು ಮಾಡ್ತಾರೆ. ಮಾಡ್ಬೇಡಿ. ಆ ಕೊಳಕು ನಲವತ್ತು ವರ್ಷ ಮುಂಬಯಿ ಮಳೆಯಿಂದ, ಸಮುದ್ರದ ಉಪ್ಪು ಗಾಳಿಯಿಂದ ಒಳಗಿನ ಬಣ್ಣವನ್ನ ಕಾಪಾಡಿದೆ. ನಾನು ಅಷ್ಟರ ಮಟ್ಟಿಗೆ ಸರಿ ಮಾಡಿದ್ದೆ, ಮರದ ಚಕ್ಕೆಯಿಂದ ಮೇಲಿನ ಪದರ ಕೆರೆದು, ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ, ನೈಲಾನ್ ಬ್ರಶ್ಶಲ್ಲಿ ನಿಧಾನಕ್ಕೆ. ಮೂರು ಭಾನುವಾರ ಬರೀ ಬಲಗಡೆಯ ಕೆಳಗಿನ ಆರ್ಮಿಗೇ ಹೋಯ್ತು. ಒಳಗೆ ಸಿಕ್ಕಿದ್ದು ತೆಳ್ಳಗಿನ ಕಪ್ಪು ಬಣ್ಣ, ಇವತ್ತಿನ ಕನ್ನಡಿ ಥರದ ಹೊಳಪಲ್ಲ, ಹಳೇ ಹೊಲಿಗೆ ಮಶೀನಿನ ಮೈಗೆ ಕೈ ಸವೆದು ಸವೆದು ಬರೋ ಹೊಳಪಿರತ್ತಲ್ಲ ಅದಕ್ಕೂ ಒಂದು ಮೆಟ್ಟಿಲು ಕಮ್ಮಿ. ಒಂದು ಮೂಲೆಯಲ್ಲಿ ಬಣ್ಣ ಇಳಿದು ಹನಿ ಕಟ್ಟಿ ಹಾಗೇ ಒಣಗಿತ್ತು, ಅಲ್ಲಿಗೆ ಗೊತ್ತಾಯ್ತು ಆ ಕೆಲಸ ಎಷ್ಟು ಬೇಗ ಬೇಗ ಆಗಿದೆ ಅಂತ. ಬೋಲ್ಟು ಬಿಚ್ಚಿ ವಾಶರ್ ಎತ್ತಿದ್ರೆ ಅದರ ಕೆಳಗೆ ಮಾತ್ರ ಗಾಳಿ ತಾಗದ ಒಂದು ರೂಪಾಯಿ ಅಗಲದ ಜಾಗದಲ್ಲಿ ಬಂಗಾರದ ಥರ ಹಳದಿ, ಓರೆ ಮಾಡಿದ್ರೆ ಅದರಲ್ಲೇ ಹಸಿರು, ಗುಲಾಬಿ ಛಾಯೆ. ಆಮೇಲೆ ನಟ್ಟಿನ ಒಂದು ಮುಖದ ಮೇಲೆ ಚುಕ್ಕೆ. ಹಳದಿ ಚುಕ್ಕೆ. ಅಪ್ಪನೇ ಇಟ್ಟದ್ದು ಅಂತ ಹೇಳೋಕಾಗಲ್ಲ, ಆ ಜೋಡಣೆ ಲೈನಲ್ಲಿ ಎಷ್ಟೋ ಜನ ಇದ್ರು, ಆದ್ರೂ ನಾನು ಅವತ್ತು ಸೀಮೆಎಣ್ಣೆ ಡಬ್ಬ ಪಕ್ಕಕ್ಕಿಟ್ಟು ಒಳಗೆ ಹೋಗಿ ಅಮ್ಮನ್ನ ಕರ್ಕೊಂಡು ಬಂದೆ. ಅಮ್ಮ ಕಾರಿನ ಪಕ್ಕ ಕುಕ್ಕುರುಗಾಲಲ್ಲಿ ಕೂತು ನೋಡಿದ್ರು. ಮುಟ್ಟಲಿಲ್ಲ.

ಫ್ಯಾಕ್ಟರಿ ಫಿನಿಶ್ ಅಂದ್ರೆ ಇದು. ಬಾಡಿ ಬಣ್ಣದ ಹೆಸರು ಹೇಗಾದ್ರೂ ಪತ್ತೆ ಮಾಡ್ಬಹುದು, ಸೀಟಿನ ರೆಕ್ಸಿನ್ ನೆನಪಿಟ್ಟವರು ಇದ್ದಾರೆ. ಆದ್ರೆ ಪಾರ್ಟ್ಸ್ ಪುಸ್ತಕದಲ್ಲಿ ಬೋಲ್ಟಿನ ನಂಬರ್ ಸಿಗತ್ತೆ, ಆ ಬೋಲ್ಟಿಗೆ ಹಾಕಿದ ಲೇಪನ ಪೀಲಾ ಜಿಂಕಾ (ಹಳದಿ ಸತು), ವೈಟ್ ಜಿಂಕಾ (ಬಿಳಿ ಸತು), ಬ್ಲ್ಯಾಕೋಡೈಸಾ, ಫಾಸ್ಫೇಟಾ ಅನ್ನೋದು ಸಿಗಲ್ಲ. ಅದು ಉಳಿದಿರೋದು ಎರಡೇ ಕಡೆ, ಗ್ರೀಸಿನ ಕೆಳಗೆ ಮತ್ತೆ ಮಾಡಿದವರ ತಲೇಲಿ.

ಈಗ ನನ್ನ ತಪ್ಪು ಹೇಳ್ತೀನಿ. ಇದನ್ನ ಹೇಳದೆ ಬೇರೆಯವರಿಗೆ ಬುದ್ಧಿ ಹೇಳೋ ಹಕ್ಕು ನಂಗಿಲ್ಲ.

ಸಣ್ಣ ಸಣ್ಣ ಬ್ರಾಕೆಟ್ಟು, ಬೋಲ್ಟು, ವಾಶರುಗಳನ್ನೆಲ್ಲ ಒಂದು ಡಬ್ಬದಲ್ಲಿ ಹಾಕಿ ಜಿಂಕ್ ಪ್ಲೇಟಿಂಗಿಗೆ, ಅಂದ್ರೆ ಸತುವಿನ ಲೇಪಕ್ಕೆ, ಒಂದು ಗಾಳಾಕ್ಕೆ (ಸಣ್ಣ ವರ್ಕ್‌ಶಾಪಿಗೆ) ತಗೊಂಡು ಹೋದೆ. ಅಲ್ಲಿದ್ದವರು ಸ್ಪ್ರಿಂಗೂ ತನ್ನಿ, ಅದನ್ನೂ ಚಮಕ್ ಮಾಡಿ ಕೊಡ್ತೀವಿ ಅಂದ್ರು. ಸ್ಪ್ರಿಂಗಿನ ಮೇಲೆ ಕಪ್ಪು ಬಣ್ಣ ಅಲ್ಲಲ್ಲಿ ಮಾತ್ರ ಉಳಿದಿತ್ತು, ತುಕ್ಕಿತ್ತು, ನಂಗೂ ಆಸೆ ಆಯ್ತು, ಎರಡೂ ಸ್ಪ್ರಿಂಗು ಕೊಟ್ಟುಬಂದೆ. ನಾಲ್ಕು ದಿನ ಬಿಟ್ಟು ಹೋದ್ರೆ ಬೆಳ್ಳಿ ಥರ ಹೊಳೀತಿತ್ತು, ಮನೆಗೆ ತಂದು ಫಿಟ್ ಮಾಡಿ ಗಾಡಿ ಜಾಕಿಂದ ಇಳಿಸಿದೆ. ಮೂರನೇ ದಿನ ರಾತ್ರಿ ಹತ್ತೂವರೆಗೆ ಗಾಡಿ ನಿಂತಲ್ಲೇ, ಯಾರೂ ಮುಟ್ಟದೆ, ಠಣ್ ಅಂತ ಇಡೀ ಸೊಸೈಟಿಗೆ ಕೇಳೋ ಹಾಗೆ ಸದ್ದು. ವಾಚ್‌ಮನ್ ಓಡಿ ಬಂದ. ಎಡಗಡೆ ಸ್ಪ್ರಿಂಗು ಮೇಲಿಂದ ಎರಡನೇ ಸುತ್ತಿನ ಹತ್ತಿರ ಎರಡು ತುಂಡು. ಅದೇ ಮರುದಿನ ಬೆಳಿಗ್ಗೆ ಮಗಳನ್ನ ಕೂರಿಸಿಕೊಂಡು ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಲ್ಲಿ ಹೋಗ್ತಿರುವಾಗ ಆಗಿದ್ರೆ ಅಂತ ಯೋಚನೆ ಬಂದು ಆ ರಾತ್ರಿ ನಿದ್ದೆ ಬರಲಿಲ್ಲ.

ಯಾಕೆ ಹಾಗಾಯ್ತು ಅಂತ ನಂಗೆ ತಿಳಿಸಿದವರು ವಸಾಯಿಯಲ್ಲಿ ಮೂವತ್ತು ವರ್ಷದಿಂದ ಪ್ಲೇಟಿಂಗ್ ಮಾಡೋ ಒಬ್ಬ ಕಾಕಾ, ವಿಜಯಪುರ ಕಡೆಯವರು. ತುಂಡಾದ ಸ್ಪ್ರಿಂಗು ಕೈಗೆ ಕೊಟ್ಟ ತಕ್ಷಣ ಮುರಿದ ಮುಖವನ್ನ ಬೆಳಕಿಗೆ ಹಿಡಿದು ನೋಡಿ, "ಏನ್ ಮಾಡಿದ್ರಿ ಸಾಹೇಬ್ರ, ಸ್ಪ್ರಿಂಗ್ ಯಾರರೆ ತೇಜಾಬಿನ್ಯಾಗ ಅದ್ದತಾರೇನ್ರಿ" ಅಂದ್ರು. ಪ್ಲೇಟಿಂಗಿಗೆ ಮೊದಲು ತುಕ್ಕು ತೆಗೆಯೋಕೆ ಆ್ಯಸಿಡ್ಡಲ್ಲಿ ಅದ್ದುತಾರೆ, ಆಮೇಲೆ ಕರೆಂಟು ಹಾಯಿಸಿ ಸತುವನ್ನ ಕೂರಿಸ್ತಾರೆ, ಎರಡೂ ಹಂತದಲ್ಲಿ ಹೈಡ್ರೋಜನ್ ಹುಟ್ಟತ್ತೆ, ಅದರ ಪರಮಾಣು ಎಷ್ಟು ಸಣ್ಣದು ಅಂದ್ರೆ ಉಕ್ಕಿನ ಒಳಗೇ ನುಗ್ಗತ್ತೆ. ಮೆತ್ತಗಿನ ಕಬ್ಬಿಣದ ಬ್ರಾಕೆಟ್ಟಿಗೆ ಅದರಿಂದ ಏನೂ ಆಗಲ್ಲ. ಸ್ಪ್ರಿಂಗು ಹಾಗಲ್ಲ, ಅದು ಗಡಸು ಮಾಡಿದ ಉಕ್ಕು, ಯಾವಾಗಲೂ ಭಾರ ಹೊತ್ಕೊಂಡು ಬಿಗಿದುಕೊಂಡೇ ಇರತ್ತೆ, ಒಳಗೆ ಸೇರಿದ ಹೈಡ್ರೋಜನ್ ಬಿಗಿ ಜಾಸ್ತಿ ಇರೋ ಜಾಗಕ್ಕೆ ಹೋಗಿ ಕೂತು ಅಲ್ಲಿ ಬಿರುಕು ಬಿಡಿಸತ್ತೆ. ಅದಕ್ಕೇ ಅದು ಓಡುವಾಗ ಹೊಡೆತಕ್ಕೆ ಮುರಿಯಲಿಲ್ಲ, ಸುಮ್ಮನೆ ನಿಂತಾಗ ಮುರೀತು. ಗಡಸು ಸಾಮಾನಿಗೆ ಪ್ಲೇಟಿಂಗ್ ಮಾಡಲೇಬೇಕಾದ್ರೆ ತೊಟ್ಟಿಯಿಂದ ತೆಗೆದ ನಾಲ್ಕು ಗಂಟೆಯೊಳಗೆ ಓವನ್ನಿಗೆ ಹಾಕಿ 190ರಿಂದ 220 ಡಿಗ್ರಿಯಲ್ಲಿ ಎಂಟು ಗಂಟೆಯೋ ಅದಕ್ಕೂ ಜಾಸ್ತಿಯೋ ಕಾಯಿಸ್ಬೇಕು, ಆಗ ಹೈಡ್ರೋಜನ್ ಹೊರಗೆ ಹೋಗತ್ತೆ. ತಲೆ ಮೇಲೆ 10.9, 12.9 ಅಂತ ಬರೆದಿರೋ ಗಡಸು ಬೋಲ್ಟುಗಳಿಗೂ ಇದೇ ಎಚ್ಚರಿಕೆ. ಕಾಕಾ ಮಾತ್ರ ಸಸ್ಪೆನ್ಶನ್ ಸ್ಪ್ರಿಂಗಿಗೆ ಕಾಯಿಸಿದ್ರೂ ನಾನು ಪ್ಲೇಟಿಂಗ್ ಮಾಡಿಕೊಡಲ್ಲ ಅಂದ್ರು, ನಾನೂ ಈಗ ಅದೇ ಹೇಳ್ತೀನಿ. ನಿಮ್ಮ ಫೋಟೋದಲ್ಲಿದ್ದ ಕ್ರೋಮ್ ಸ್ಪ್ರಿಂಗು ನೋಡಿ ನಂಗೆ ಮೊದಲು ನೆನಪಾದದ್ದು ಆ ಠಣ್. ಆ ಗಾಡಿಯವರು ಈ ಪತ್ರ ಓದ್ತಿದ್ರೆ ಕೈ ಮುಗಿದು ಕೇಳ್ಕೋತೀನಿ, ಆ ಕ್ರೋಮ್ ಹೇಗೆ ಮಾಡಿದ್ದು, ಆಮೇಲೆ ಓವನ್ನಲ್ಲಿ ಕಾಯಿಸಿದ್ದಾರಾ ಅಂತ ವಿಚಾರಿಸಿ, ಖಾತ್ರಿ ಉತ್ತರ ಬರದಿದ್ರೆ ಆ ಸ್ಪ್ರಿಂಗು ತೆಗೆದುಬಿಡಿ.

ಸ್ಪ್ರಿಂಗಿಗೆ ಫ್ಯಾಕ್ಟರಿಯವರು ಬಣ್ಣ ಹಾಕ್ತಿದ್ದದ್ದಕ್ಕೆ ಕಾರಣ ಇತ್ತು ಅಂತ ಅವತ್ತು ಅರ್ಥ ಆಯ್ತು. ಸ್ಪ್ರಿಂಗಿನ ಮೈಗೆ ಸಣ್ಣ ಉಕ್ಕಿನ ಗುಂಡು ಹೊಡೆದು ಮೇಲ್ಮೈಯನ್ನ ಒತ್ತಿ ಗಟ್ಟಿ ಮಾಡೋ ಪದ್ಧತಿ ಇದೆ, ಶಾಟ್ ಪೀನಿಂಗ್ ಅಂತಾರೆ, ಬಿರುಕು ಶುರುವಾಗೋದು ಮೇಲ್ಮೈಯಿಂದಲೇ ಆದ್ರಿಂದ ಅದು ಸ್ಪ್ರಿಂಗಿನ ಆಯಸ್ಸು ಹೆಚ್ಚಿಸತ್ತೆ. ನಾವು ಗ್ರೈಂಡರ್ ಹಿಡಿದು ನುಣ್ಣಗೆ ಮಾಡ್ತೀವಿ ಅಂತ ಹೋದ್ರೆ ಆ ಪದರವನ್ನೇ ಕೆರೆದು ಹಾಕ್ತೀವಿ. ತುಕ್ಕು ಆಳಕ್ಕೆ ಹೋಗಿ ಗುಳಿ ಬಿದ್ದಿದ್ರೆ ಆ ಸ್ಪ್ರಿಂಗು ವಾಪಸ್ ಹಾಕಲೇಬಾರದು, ಗುಳಿ ಇಲ್ಲಾಂದ್ರೆ ನಿಧಾನಕ್ಕೆ ಕೈಯಲ್ಲಿ ತುಕ್ಕು ತೆಗೆದು, ಪ್ರೈಮರ್ ಕೊಟ್ಟು ತೆಳ್ಳಗೆ ಕಪ್ಪು ಬಣ್ಣ ಅಷ್ಟೇ.

ಪೌಡರ್ ಕೋಟಿಂಗ್ ಬಗ್ಗೆ ಕೇಳೋರು ಜಾಸ್ತಿ, ಗಟ್ಟಿ ಅಲ್ವಾ ಅಂತಾರೆ. ಕಿಟಕಿ ಗ್ರಿಲ್ಲಿಗೆ, ಗೇಟಿಗೆ ತುಂಬ ಒಳ್ಳೇದು. ಸಸ್ಪೆನ್ಶನ್ನಿಗೆ ನಾನು ಒಪ್ಪಲ್ಲ. ಜಿಂಕ್ ಪದರ ಸಾಮಾನ್ಯವಾಗಿ 8ರಿಂದ 12 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್), ಪೌಡರ್ ಕೋಟಿಂಗ್ 60ರಿಂದ 100 ಮೈಕ್ರಾನ್ ದಪ್ಪ, ಒಂದು ಥರ ಪ್ಲಾಸ್ಟಿಕ್ ಅಂಗಿ ತೊಡಿಸಿದ ಹಾಗೆ. ಬೋಲ್ಟಿನ ತಲೆ ಕೆಳಗೆ ಆ ಪದರ ಇದ್ರೆ ದಿನ ಹೋದ ಹಾಗೆ ಒತ್ತಡಕ್ಕೆ ಅದು ಹಿಂಡಿಹೋಗತ್ತೆ, ಬಿಗಿ ಮಾಡಿದ ಬೋಲ್ಟು ತಾನಾಗೇ ಸಡಿಲ ಆಗತ್ತೆ. ಆರ್ಮಿನ ಮೇಲೆ ಒತ್ತಿದ ನಂಬರು ಮುಚ್ಚಿಹೋಗತ್ತೆ. ಒಂದು ಕಲ್ಲು ಬಡಿದು ಚೂರು ಎದ್ರೆ ಅಲ್ಲಿಂದ ನೀರು ಒಳಗೆ ಸೇರಿ ಪದರದ ಅಡಿಯಲ್ಲೇ ತುಕ್ಕು ಹಬ್ಬತ್ತೆ, ಮೇಲೆ ಕೆಂಪಗೆ ಚೆನ್ನಾಗೇ ಕಾಣ್ತಿರತ್ತೆ. ಎಲ್ಲಕ್ಕಿಂತ ಹೆದರಿಕೆ ಅಂದ್ರೆ ಕಬ್ಬಿಣ ಬಿರುಕು ಬಿಟ್ರೂ ಆ ಪದರ ಬಿರುಕು ಬಿಡದೆ ಮುಚ್ಚಿಟ್ಕೊಳ್ಳಬಹುದು. ತೆಳು ಬಣ್ಣದಲ್ಲಿ ಬಿರುಕಿನ ಗೆರೆಯಿಂದ ತುಕ್ಕು ಇಳಿದು ಮೆಕ್ಯಾನಿಕ್ಕಿಗೆ ಹೇಳತ್ತೆ. ಸ್ಟೇನ್‌ಲೆಸ್ ಬೋಲ್ಟೂ ಅಷ್ಟೇ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗೋ ಎ2-70 ಅನ್ನೋ ಸ್ಟೇನ್‌ಲೆಸ್ ಬೋಲ್ಟು ತಡೆಯೋದು 700 ಮೆಗಾಪಾಸ್ಕಲ್ ಎಳೆತ, ಮಾಮೂಲಿ 8.8 ಗುರುತಿನ ಉಕ್ಕಿನ ಬೋಲ್ಟು 800. ಹೊಳೆಯೋದಕ್ಕೆ ಅಂತ ಸ್ಟೀರಿಂಗನ್ನೂ ಚಕ್ರವನ್ನೂ ಹಿಡಿದಿರೋ ಜಾಗದಲ್ಲಿ ಕಡಿಮೆ ಶಕ್ತಿಯ ಬೋಲ್ಟು ಹಾಕಿದ ಹಾಗಾಯ್ತು.

ಕೊನೆಗೆ ನಾವು ಮಾಡಿದ್ದು ಹೀಗೆ. ಆರ್ಮು, ಬ್ರಾಕೆಟ್ಟುಗಳ ತುಕ್ಕು ತೆಗೆಯೋಕೆ ಕಾಕಂಬಿ, ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು, ಡ್ರಮ್ಮಲ್ಲಿ ಎರಡು ವಾರ ಮುಳುಗಿಸಿಟ್ರೆ ತುಕ್ಕು ಮಾತ್ರ ಬಿಟ್ಕೊಂಡು ಬರತ್ತೆ, ಒಳ್ಳೇ ಕಬ್ಬಿಣಕ್ಕೆ ಹೆಚ್ಚೇನೂ ಮಾಡಲ್ಲ, ವಾಸನೆ ಮಾತ್ರ ಅಕ್ಕಪಕ್ಕದವರು ಸಹಿಸ್ಕೋಬೇಕು. ಅಲ್ಯುಮಿನಿಯಂ ಸಾಮಾನು ಅದರಲ್ಲಿ ಹಾಕ್ಬೇಡಿ, ತಿಂದುಹಾಕತ್ತೆ. ಮರಳು ಹೊಡೆಸಿ ಸ್ಯಾಂಡ್ ಬ್ಲಾಸ್ಟಿಂಗ್ ಮಾಡ್ಸಿ ಅಂತ ಸುಮಾರು ಜನ ಹೇಳಿದ್ರು, ನಾನು ಒಪ್ಪಲಿಲ್ಲ. ಆ ಮರಳಿನ ಧೂಳು ಶ್ವಾಸಕೋಶಕ್ಕೆ ಹೋಗಿ ಸಿಲಿಕೋಸಿಸ್ ತರತ್ತೆ, ಅದಕ್ಕೆ ವಾಸಿ ಮಾಡೋ ಔಷಧಿ ಇಲ್ಲ, ಬಾಯಿಗೆ ಒಂದು ಕರ್ಚೀಫ್ ಕಟ್ಕೊಂಡು ಆ ಕೆಲಸ ಮಾಡೋ ಹುಡುಗರನ್ನ ನಾನು ಕಣ್ಣಾರೆ ನೋಡಿದೀನಿ. ನನ್ನ ಕಾರು ಚೆನ್ನಾಗಿ ಕಾಣ್ಬೇಕು ಅಂತ ಇನ್ನೊಬ್ಬರ ಮಗನ ಎದೆ ಹಾಳಾಗೋದು ಬೇಡ. ಮರಳಿನ ಬದಲು ಗ್ಲಾಸ್ ಬೀಡ್ (ಸಣ್ಣ ಗಾಜಿನ ಮಣಿ) ಹೊಡೆಯೋರು, ಮುಚ್ಚಿದ ಕ್ಯಾಬಿನೆಟ್ ಇಟ್ಕೊಂಡಿರೋರು ಇದ್ದಾರೆ, ಅಂಥವರ ಹತ್ರ ಹೋಗಿ.

ಕಪ್ಪು ಬಣ್ಣದ ಹೊಳಪು ಹೊಂದಿಸೋಕೆ ಹನ್ನೊಂದು ತಗಡಿನ ತುಂಡುಗಳಿಗೆ ಬೇರೆ ಬೇರೆ ಪ್ರಮಾಣದಲ್ಲಿ ಹೊಳಪು ತಗ್ಗಿಸೋ ಮ್ಯಾಟ್ ಬೆರೆಸಿ ಹೊಡೆದು, ಹಳೇ ಬಣ್ಣ ಉಳಿದ ಜಾಗದ ಪಕ್ಕ ಹಿಡಿದು ಬೆಳಿಗ್ಗೆ ಬಿಸಿಲಲ್ಲಿ ನೋಡಿದ್ವಿ, ಟ್ಯೂಬ್‌ಲೈಟಲ್ಲಿ ನೋಡಿದ್ರೆ ಮೋಸ ಹೋಗ್ತೀರಿ. ಏಳನೇ ತುಂಡು ಹೊಂದ್ತು. ಆ ಹಳೇ ಬಣ್ಣ ಇರೋ ಅಂಗೈ ಅಗಲದ ಜಾಗವನ್ನ ನಾವು ಮುಚ್ಚಲಿಲ್ಲ, ಬಲಗಡೆ ಕೆಳಗಿನ ಆರ್ಮಿನ ಒಳಮೈಯಲ್ಲಿ ಹಾಗೇ ಬಿಟ್ಟು ಮೇಲೆ ತೆಳ್ಳಗೆ ಮೇಣ ಹಚ್ಚಿದೀವಿ, ಮುಂದೆ ಯಾರಾದ್ರೂ ಇದನ್ನ ಮತ್ತೆ ಮಾಡೋದಾದ್ರೆ ಅವರಿಗೆ ಸಾಕ್ಷಿ ಬೇಕಲ್ಲ. ಇಳಿದ ಹನಿ ಕೂಡ ಅಲ್ಲೇ ಇದೆ.

ಪೀಲಾ ಜಿಂಕ್ ವಿಷಯದಲ್ಲಿ ಮಾತ್ರ ಫ್ಯಾಕ್ಟರಿ ಥರಾನೇ ಬೇಕು ಅಂತ ಹಟ ಮಾಡಲಿಲ್ಲ. ಹಳೇ ಕಾಲದ ಆ ಬಂಗಾರ-ಹಸಿರು ಛಾಯೆ ಬರೋದು ಹೆಕ್ಸಾವೇಲೆಂಟ್ ಕ್ರೋಮಿಯಂ ಇರೋ ದ್ರಾವಣದಿಂದ, ಅದು ಕ್ಯಾನ್ಸರ್ ತರೋ ವಸ್ತು, ಯುರೋಪಿನಲ್ಲಿ ಹೊಸ ಕಾರುಗಳ ಇಂಥ ಲೇಪನಗಳಲ್ಲಿ 2007ರಿಂದ ಅದನ್ನ ನಿಲ್ಲಿಸಿದಾರೆ. ವಸಾಯಿ ಕಾಕಾ ಈಗ ಅಷ್ಟು ಅಪಾಯ ಇಲ್ಲದ ಟ್ರೈವೇಲೆಂಟ್ ಕ್ರೋಮಿಯಂ ದ್ರಾವಣ ಬಳಸ್ತಾರೆ, ಹಳದಿ ಬರತ್ತೆ, ಸ್ವಲ್ಪ ಸಪ್ಪೆ, ಆ ಗುಲಾಬಿ ಮಿಂಚು ಅಷ್ಟು ಇಲ್ಲ. ನಂಗೆ ಸಾಕು. ಬಿಳಿ ಜಿಂಕಿಗಿಂತ ಈ ಹಳದಿ ಪದರ ಉಪ್ಪು ಗಾಳಿಗೆ ಜಾಸ್ತಿ ದಿನ ತಡೆಯತ್ತೆ, ಚೆಂಬೂರಿನಂಥ ಜಾಗದಲ್ಲಿ ಅದೇ ಮುಖ್ಯ. ಅಪ್ಪ ಇದ್ದಿದ್ರೂ ಇದನ್ನೇ ಮಾಡ್ತಿದ್ರು ಅಂತ ನನ್ನ ನಂಬಿಕೆ, ಲೈನಲ್ಲಿ ಪಕ್ಕದಲ್ಲಿ ನಿಂತವರ ಆರೋಗ್ಯದ ಬಗ್ಗೆ ಯೂನಿಯನ್ ಮೀಟಿಂಗಲ್ಲಿ ಎದ್ದು ನಿಂತು ಮಾತಾಡ್ತಿದ್ದವರು ಅವರು.

ಜೋಡಿಸೋವಾಗ ಒಂದು ವಿಷಯ. ರಬ್ಬರ್ ಬುಶ್ ಇರೋ ಬೋಲ್ಟುಗಳನ್ನ ಗಾಡಿ ಜಾಕಿನ ಮೇಲೆ, ಚಕ್ರ ನೇತಾಡ್ತಿರುವಾಗ ಪೂರ್ತಿ ಬಿಗಿ ಮಾಡ್ಬೇಡಿ. ಹಾಗೆ ಮಾಡಿದ್ರೆ ಗಾಡಿ ಇಳಿಸಿದ ಕೂಡಲೇ ರಬ್ಬರು ತಿರುಚಿಕೊಂಡೇ ಕೂರತ್ತೆ, ಕೆಲವೇ ತಿಂಗಳಲ್ಲಿ ಹರಿದುಹೋಗತ್ತೆ, ಆಮೇಲೆ ಬುಶ್ಶೇ ಡೂಪ್ಲಿಕೇಟು ಅಂತ ಅಂಗಡಿಯವನನ್ನ ಬೈತೀವಿ. ಕೈಯಲ್ಲಿ ತಿರುಗಿಸಿ ಬಿಟ್ಟು, ಗಾಡಿ ನೆಲಕ್ಕಿಳಿಸಿ, ಮುಂದೆ ಇಬ್ಬರನ್ನ ಕೂರಿಸಿ ಎರಡು ಸಲ ಕುಲುಕಿ ಆಮೇಲೆ ಬಿಗಿ ಮಾಡಿ. ಬಿಚ್ಚುವಾಗ ತೆಳು ಶಿಮ್ ಪಟ್ಟಿಗಳು ಸಿಕ್ರೆ ಯಾವ ಬೋಲ್ಟಿನ ಹಿಂದೆ ಎಷ್ಟಿತ್ತು ಅಂತ ದಾರ ಕಟ್ಟಿ ಚೀಟಿ ಬರೆದಿಡಿ, ಅದು ಚಕ್ರದ ಓರೆ ಲೆಕ್ಕ. ಎಲ್ಲ ಆದ್ಮೇಲೆ ಹಳದಿ ಚುಕ್ಕೆ ಇಡೋ ಹೊತ್ತಿಗೆ ನಾನು ಬ್ರಶ್ಶು ಮಗಳ ಕೈಗೆ ಕೊಟ್ಟೆ.

ಈಗ ನಾನು ಈ ಪತ್ರ ಬರೆದ ಮುಖ್ಯ ಕಾರಣಕ್ಕೆ ಬರ್ತೀನಿ. ಮುಂಬಯಿಯ ಕೊನೇ ಪದ್ಮಿನಿ ಟ್ಯಾಕ್ಸಿ 2003ರ ಅಕ್ಟೋಬರ್ 29ರಂದು ತಾಡದೇವ್ ಆರ್‌ಟಿಓದಲ್ಲಿ ರಿಜಿಸ್ಟರ್ ಆದದ್ದು, ಟ್ಯಾಕ್ಸಿಗಳಿಗೆ 20 ವರ್ಷದ ಮಿತಿ ಇರೋದ್ರಿಂದ 2023ರ ಅಕ್ಟೋಬರ್ ಕೊನೆಗೆ ಕಾಲೀ-ಪೀಲೀ (ಕಪ್ಪು-ಹಳದಿ) ಪದ್ಮಿನಿ ಟ್ಯಾಕ್ಸಿಗಳ ಓಡಾಟ ನಿಂತುಹೋಯ್ತು. ಅವತ್ತು ಎಲ್ಲ ಪೇಪರಲ್ಲೂ ಬಂತು, ಜನ ಸೆಲ್ಫಿ ತೆಗೆಸಿಕೊಂಡ್ರು. ಆಮೇಲೆ ಆ ಗಾಡಿಗಳು ಎಲ್ಲಿ ಹೋದವು ಅಂತ ಕೇಳಿದವರು ಕಮ್ಮಿ. ನಾನು ಮುರಿದ ಸ್ಪ್ರಿಂಗಿಗೆ ಜೋಡಿ ಹುಡುಕ್ತಾ ಕುರ್ಲಾದ ಸಿಎಸ್‌ಟಿ ರಸ್ತೆಯ ಹಳೇ ಸ್ಪೇರ್ ಪಾರ್ಟ್ ಅಂಗಡಿಗಳಲ್ಲಿ ಸುತ್ತಿದಾಗ ಆರ್ಮು, ಸ್ಪ್ರಿಂಗು, ಕಮಾನು ಪಟ್ಟಿ ರಾಶಿ ಬಿದ್ದಿದ್ದು ನೋಡಿದೀನಿ, ಕೆಲವಕ್ಕೆ ಅಂಗಡಿಯವರು ಹೊಸದಾಗಿ ಕಾಣ್ಲಿ ಅಂತ ಮೇಲಿಂದ ಮೇಲೆ ಸಿಲ್ವರ್ ಪೇಂಟ್ ಹೊಡೆದಿದ್ರು. ಆ ಪೇಂಟಿನ ಕೆಳಗೆ ಏನಿತ್ತೋ ಅದು ಹೋಯ್ತು.

ಇನ್ನೊಂದು ಕಡೆ 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಬೇರೆ ನಿಯಮ ತಂದಿದೆ. ಮೊದಲ ರಿಜಿಸ್ಟ್ರೇಶನ್ ಆಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿಸಿಕೊಂಡ, ಚಾಸಿಸ್, ಬಾಡಿ, ಇಂಜಿನ್ನಲ್ಲಿ ದೊಡ್ಡ ಬದಲಾವಣೆ ಮಾಡದ ಗಾಡಿಗೆ ವಿಎ ಅನ್ನೋ ಅಕ್ಷರ ಇರೋ ನಂಬರು, ಹೊಸ ರಿಜಿಸ್ಟ್ರೇಶನ್ನಿಗೆ 20,000 ರೂಪಾಯಿ, 10 ವರ್ಷಕ್ಕೆ. ನಮ್ಮ ಗಾಡಿಗೆ 2028ಕ್ಕೆ ಐವತ್ತು ತುಂಬತ್ತೆ. ಆರ್‌ಟಿಓದವರು ಬೋಲ್ಟಿನ ಬಣ್ಣ ನೋಡಲ್ಲ ಅಂತ ನಂಗೂ ಗೊತ್ತು. ಆದ್ರೆ ಕಾಗದದಲ್ಲಿ ಮೂಲ ರೂಪ ಅಂತ ಬರೆದ ಮೇಲೆ ಆ ಮೂಲ ರೂಪ ಏನು ಅಂತ ಯಾರಾದ್ರೂ ಒಬ್ಬರು ಬರೆದಿಡಬೇಕಲ್ವಾ? ಬೇರೆ ದೇಶಗಳಲ್ಲಿ ಒಂದೊಂದು ಮಾಡೆಲ್ಲಿಗೂ ಯಾವ ಬೋಲ್ಟಿಗೆ ಯಾವ ಲೇಪನ, ಚುಕ್ಕೆ ಎಲ್ಲಿ, ಯಾವ ಬಣ್ಣ ಅಂತ ಜನ ಸೇರಿ ಪಟ್ಟಿ ಮಾಡಿಟ್ಟಿದಾರೆ. ನಮ್ಮ ಮುಂಬಯಿಯಲ್ಲೇ, ವಿದ್ಯಾವಿಹಾರ್ ಸ್ಟೇಶನ್ನಿಂದ ನಡ್ಕೊಂಡು ಹೋಗೋ ದೂರದಲ್ಲಿ ತಯಾರಾದ ಗಾಡಿಗೆ ನಮ್ಮ ಹತ್ರ ಅಂಥ ಒಂದು ಹಾಳೆ ಇಲ್ಲ.

ಆ ಫ್ಯಾಕ್ಟರಿಯಲ್ಲಿ ದುಡಿದ ಕನ್ನಡಿಗರು, ತುಳುವರು ಇವತ್ತೂ ಇದ್ದಾರೆ. ಡೊಂಬಿವಲಿಯಲ್ಲಿ, ಥಾಣೆಯಲ್ಲಿ, ಮುಲುಂಡಿನಲ್ಲಿ, ರಿಟೈರ್ ಆಗಿ ಊರಿಗೆ ಹೋದವರೂ ಇದ್ದಾರೆ, ಎಲ್ಲರಿಗೂ ಈಗ ಎಪ್ಪತ್ತು ಎಂಬತ್ತು ವರ್ಷ. ಅವರಲ್ಲಿ ಹಲವರು ನಿಮ್ಮ ಪೇಪರ್ ಓದ್ತಾರೆ, ನಮ್ಮ ಅಪ್ಪನೂ ಕೊನೇವರೆಗೆ ಓದ್ತಿದ್ರು. ಅಪ್ಪ ಇದ್ದಾಗ ನಾನು ಇದೆಲ್ಲ ಕೇಳ್ಬಹುದಿತ್ತು. ದಿನಾ ಸಂಜೆ ಒಟ್ಟಿಗೆ ಚಾ ಕುಡೀತಿದ್ವಿ, ಇಪ್ಪತ್ತು ವರ್ಷ ಎದುರಿಗಿದ್ರು, ನಾನು ಕೇಳಲಿಲ್ಲ. ನಿಮ್ಮ ಮನೇಲಿ ಅಂಥವರು ಇದ್ರೆ ಈ ಪತ್ರ ಓದಿ ಹೇಳಿ, ಅವರು ಹೇಳಿದ್ದನ್ನ ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. ಪೇಂಟ್ ಶಾಪಲ್ಲಿ ಇದ್ದವರಾ, ಸ್ಟೋರಲ್ಲಾ, ಇನ್ಸ್‌ಪೆಕ್ಶನ್ನಲ್ಲಾ, ಯಾವುದಾದ್ರೂ ಆಗ್ಲಿ. ಮನೆ ಅಟ್ಟದಲ್ಲಿ ಪ್ಯಾಕೆಟ್ ಬಿಚ್ಚದ ಹಳೇ ಪದ್ಮಿನಿ ಸಾಮಾನು ಇದ್ರೆ ದಯವಿಟ್ಟು ತೊಳೀಬೇಡಿ, ಮೊದಲು ಹಗಲು ಬೆಳಕಲ್ಲಿ ಎಲ್ಲ ಕಡೆಯಿಂದ ಫೋಟೋ ತೆಗೀರಿ. ಸಂಪಾದಕರು ತಿಂಗಳಿಗೆ ಒಂದು ಸಲ ಅರ್ಧ ಕಾಲಂ ಇಂಥ ಉತ್ತರಗಳಿಗೆ ಬಿಟ್ಟುಕೊಟ್ರೆ ಅದನ್ನ ಕತ್ತರಿಸಿ ಅಂಟಿಸಿ ಪಟ್ಟಿ ಮಾಡೋ ಕೆಲಸ ನಾನು ಮಾಡ್ತೀನಿ.

ನನ್ನದೇ ಒಂದು ಪ್ರಶ್ನೆಯಿಂದ ಶುರು ಮಾಡ್ತೀನಿ. ಸ್ಪ್ರಿಂಗುಗಳನ್ನ ಭಾರ ಹಾಕಿ ಪರೀಕ್ಷೆ ಮಾಡಿ, ಎಷ್ಟು ಗಟ್ಟಿ ಅನ್ನೋದರ ಮೇಲೆ ಬಣ್ಣದ ಗೆರೆ ಹಾಕಿ ವಿಂಗಡಿಸೋ ಪದ್ಧತಿ ಕಾರು ಕಂಪನಿಗಳಲ್ಲಿ ಇತ್ತು. ನಮ್ಮ ಗಾಡಿಯ ಎರಡು ಸ್ಪ್ರಿಂಗಿನ ಮೇಲೂ ಗೆರೆ ಇತ್ತು. ಬಲಗಡೆಯದರ ಫೋಟೋ ನನ್ನ ಹತ್ರ ಇದೆ, ಕೆಳಗಿನಿಂದ ಮೂರನೇ ಸುತ್ತಿನ ಹೊರಮೈಯಲ್ಲಿ ಬೆರಳಗಲ ಒಂದು ಹಸಿರು ಗೆರೆ. ಎಡಗಡೆಯದನ್ನ ಪ್ಲೇಟಿಂಗಿಗೆ ಕೊಡೋ ಅವಸರದಲ್ಲಿ ನಾನು ಫೋಟೋ ತೆಗೆಯಲಿಲ್ಲ, ಆ ತೊಟ್ಟಿಯಲ್ಲಿ ಅದು ತೊಳೆದುಹೋಯ್ತು. ಹಸಿರೇ ಇತ್ತಾ, ಬೇರೆ ಬಣ್ಣ ಇತ್ತಾ, ಎಷ್ಟು ನೆನಪು ಮಾಡ್ಕೊಂಡ್ರೂ ಹೊಳೀತಿಲ್ಲ. 1978ರ ಆಸುಪಾಸಿನಲ್ಲಿ ಕುರ್ಲಾದಲ್ಲಿ ಮುಂದಿನ ಸಸ್ಪೆನ್ಶನ್ ಲೈನಲ್ಲಿದ್ದವರು ಯಾರಾದ್ರೂ ಇದನ್ನ ಓದ್ತಿದ್ರೆ, ಎಡಗಡೆಗೂ ಬಲಗಡೆಗೂ ಒಂದೇ ಬಣ್ಣದ ಸ್ಪ್ರಿಂಗು ಹಾಕ್ತಿದ್ರಾ, ಬೇರೆ ಬೇರೆಯಾ? ಒಂದು ಪೋಸ್ಟ್ ಕಾರ್ಡು ಈ ಪೇಪರಿನ ವಿಳಾಸಕ್ಕೆ ಬರೆದುಹಾಕಿ, ನಾನು ಬಂದು ತಗೊಳ್ತೀನಿ. ಸಿಎಸ್‌ಟಿ ರಸ್ತೆಯಿಂದ ತಂದ ಸ್ಪ್ರಿಂಗಿನ ಮೇಲೆ ಆ ಜಾಗವನ್ನ ಇನ್ನೂ ಖಾಲಿ ಬಿಟ್ಟಿದೀನಿ.

ಇಂತಿ ನಿಮ್ಮ ಓದುಗ,
ಚೆಂಬೂರು, ಮುಂಬಯಿ